ಕಂತಿನ ಫೋನು ಮತ್ತು ದುಂದಿನ ಲೆಕ್ಕ

ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ಹರಿದು ದಂಡೋತಿಯ ಸೇತುವೆ ನೀರಿನಡಿ ಮುಳುಗಿದಾಗ ಈ ಭಾಗದ ಜನರ ಸಂಚಾರ ನಿಂತುಹೋಗುತ್ತದೆ. ಆಗ ಹೊರಜಗತ್ತಿನೊಂದಿಗೆ ಉಳಿಯುವ ಸಂಪರ್ಕವೆಂದರೆ ಕೈಯಲ್ಲಿರುವ ಮೊಬೈಲ್ ಫೋನ್ ಮಾತ್ರ. ಮಳೆಯಿಲ್ಲದ ದಿನಗಳಲ್ಲಿಯೂ ಪರಿಸ್ಥಿತಿ ಬಹಳ ಭಿನ್ನವೇನಲ್ಲ. ಗೃಹಲಕ್ಷ್ಮಿಯ ಹಣ ಬಂದ ಸಂದೇಶ, ಮಗಳ ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಒಟಿಪಿ, ಸೌದಿಯಲ್ಲಿ ದುಡಿಯುವ ಮಗನ ಕರೆ, ಫಜ್ರ್ ನಮಾಝಿಗೆ ಎಬ್ಬಿಸುವ ಅಲಾರಂ, ಅಜ್ಜಿ ಕೇಳುವ ಕುರ್‌ಆನ್ ಪಾರಾಯಣ ಎಲ್ಲವೂ ಆ ಒಂದು ಸಾಧನದ ಮೂಲಕವೇ ನಮ್ಮ ಮನೆಯೊಳಗೆ ಬರುತ್ತವೆ. ಆದುದರಿಂದ ಸ್ಮಾರ್ಟ್‌ಫೋನನ್ನು ವಿಲಾಸದ ವಸ್ತುವೆಂದು ಗದರಿಸಿ ದೂರವಿಡುವ ಉಪದೇಶ ಈಗ ಅರ್ಥಹೀನ. ಅದನ್ನು ಹೇಗೆ ಕೊಳ್ಳಬೇಕು, ಎಷ್ಟು ಕಾಲ ಬಾಳಿಸಬೇಕು ಎಂಬುದರ ಬಗ್ಗೆ ಮಾತ್ರ ನಮ್ಮಲ್ಲಿ ಮಾತು ನಡೆಯುತ್ತಿಲ್ಲ.

ಇಸ್ಲಾಮೀ ವಿದ್ವಾಂಸರು ಮಾನವನ ಅಗತ್ಯಗಳನ್ನು ಮೂರು ಸ್ತರಗಳಾಗಿ ವಿಂಗಡಿಸಿದ್ದಾರೆ: ಅನಿವಾರ್ಯವಾದ ದರೂರಿಯ್ಯಾತ್, ಬದುಕನ್ನು ಸುಗಮಗೊಳಿಸುವ ಹಾಜಿಯ್ಯಾತ್, ಅಂದಚಂದಕ್ಕೆ ಸೇರಿದ ತಹ್ಸೀನಿಯ್ಯಾತ್. ಫೋನು ಎರಡನೆಯ ಸ್ತರದ್ದು, ಕೆಲವರ ಪಾಲಿಗೆ ಮೊದಲನೆಯದೂ ಹೌದು. ಆದರೆ ಅಂಗಡಿಯ ಮುಂದೆ ನಿಂತಾಗ ನಾವು ಹಣ ತೆರುವುದು ಬಹುತೇಕ ಮೂರನೆಯ ಸ್ತರಕ್ಕೆ: ಹಿಂಬದಿಯ ಮೂರು ಕ್ಯಾಮರಾಗಳಿಗೆ, ಹೊಳೆಯುವ ಬಣ್ಣಕ್ಕೆ, ಮದುವೆ ಮನೆಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವ ಹೆಸರಿಗೆ. ಇನ್ನು ಹಣ ಎಲ್ಲಿಂದ ಬರುತ್ತದೆ ಎಂದರೆ, ಕಂತಿನ ಸಾಲದಿಂದ.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಬ್ಯಾಂಕಿನಿಂದ ಬಡ್ಡಿಗೆ ಸಾಲ ಪಡೆದು ಮನೆ ಕಟ್ಟಲು ಹಿಂಜರಿಯುವ, ಇಮಾಮರ ಬಳಿ ಹೋಗಿ ಹತ್ತು ಸಲ ವಿಚಾರಿಸುವ ಅದೇ ಕುಟುಂಬ, ಹದಿನೈದು ಸಾವಿರದ ಫೋನಿಗಾಗಿ ಅಂಗಡಿಯಲ್ಲಿ ನಿಂತಲ್ಲೇ ಐದು ನಿಮಿಷದಲ್ಲಿ ಫೈನಾನ್ಸ್ ಕಂಪೆನಿಯ ಸಾಲಪತ್ರಕ್ಕೆ ಒಪ್ಪಿಗೆ ಕೊಡುತ್ತದೆ. ಪತ್ರದಲ್ಲಿ ಬಡ್ಡಿಯ ದರ ಮುದ್ರಿತವಾಗಿದೆಯೇ ಎಂದು ಓದುವವರು ವಿರಳ. 'ಬಡ್ಡಿಯೇ ಇಲ್ಲದ ಕಂತು' ಎಂಬ ಫಲಕವನ್ನು ನಂಬಿ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇವೆ. ವಾಸ್ತವದಲ್ಲಿ ಇಂತಹ ಬಹುತೇಕ ಯೋಜನೆಗಳಲ್ಲಿ ಸಾಲವೂ ಇರುತ್ತದೆ, ಬಡ್ಡಿಯೂ ಇರುತ್ತದೆ. ಆ ಬಡ್ಡಿಯಷ್ಟು ಮೊತ್ತವನ್ನು ತಯಾರಕರು ಅಥವಾ ಅಂಗಡಿಯವರು ರಿಯಾಯಿತಿಯ ರೂಪದಲ್ಲಿ ಭರಿಸುತ್ತಾರೆ, ಅಷ್ಟೇ. ನಗದು ಕೊಟ್ಟವನಿಗೆ ಸಿಗಬಹುದಾಗಿದ್ದ ರಿಯಾಯಿತಿ ಕಂತಿನವನ ಕೈತಪ್ಪುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ಒಂದು ಕಂತು ತಪ್ಪಿದರೆ ದಂಡ ಬೇರೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್ 17ರ ಸುತ್ತೋಲೆಯಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಶರೀಅತ್‌ನ ಮಾತು ಹಾಗಿರಲಿ, ದೇಶದ ಕೇಂದ್ರ ಬ್ಯಾಂಕೇ ಒಪ್ಪದ ಮಾತನ್ನು ನಾವು ಒಪ್ಪಿಕೊಂಡು ಬರುತ್ತಿದ್ದೇವೆ.

ಬಡ್ಡಿಯನ್ನು ಬಿಡದವರ ವಿರುದ್ಧ ಅಲ್ಲಾಹ್ ಮತ್ತು ಅವನ ಪ್ರವಾದಿಯ ಕಡೆಯಿಂದ ಯುದ್ಧಘೋಷಣೆಯಿದೆ ಎಂದು ಪವಿತ್ರ ಕುರ್‌ಆನ್‌ನ ಅಲ್ ಬಕರ ಅಧ್ಯಾಯ ಎಚ್ಚರಿಸುತ್ತದೆ. ಮೊತ್ತ ಸಣ್ಣದಾಗಿದ್ದರೆ ಈ ಎಚ್ಚರಿಕೆಯಿಂದ ವಿನಾಯಿತಿಯಿದೆ ಎಂದು ಎಲ್ಲಿಯೂ ಹೇಳಲಾಗಿಲ್ಲ. ಹಾಗೆಂದು ಕಂತಿನ ವ್ಯಾಪಾರವೆಲ್ಲವೂ ನಿಷಿದ್ಧವೆಂದು ಯಾರೂ ಭಾವಿಸಬಾರದು. ಅಂಗಡಿಯವನು ತನ್ನದೇ ವಸ್ತುವನ್ನು, ನಗದು ಬೆಲೆಗಿಂತ ಹೆಚ್ಚಿನ ಬೆಲೆಗಾದರೂ ಸರಿ, ಒಪ್ಪಂದದ ವೇಳೆಯೇ ಒಟ್ಟು ಬೆಲೆಯನ್ನು ನಿಗದಿಪಡಿಸಿ ಕಂತಿನಲ್ಲಿ ಮಾರುವುದನ್ನು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1990ರ ನಿರ್ಣಯದಲ್ಲಿ ಅನುಮತಿಸಿದೆ. ಪಾವತಿ ತಡವಾಯಿತೆಂದು ಮೊತ್ತವನ್ನು ಏರಿಸುವಂತಿಲ್ಲ ಎಂಬುದು ಅದರ ಷರತ್ತು. ಚಿತ್ತಾಪುರದಲ್ಲಿಯೋ ಸೇಡಂನಲ್ಲಿಯೋ ಪರಿಚಯದ ವ್ಯಾಪಾರಿಯ ಬಳಿ ಇಂತಹ ಒಪ್ಪಂದ ಸಾಧ್ಯವೇ ಎಂದು ಕೇಳಿ ನೋಡಬಹುದು. ಅದಕ್ಕಿಂತ ಒಳ್ಳೆಯದು, ನಮ್ಮ ಜಮಾಅತ್‌ಗಳು ಕಾಲೇಜು ಸೇರುವ ಬಡ ಮಕ್ಕಳ ಫೋನಿಗಾಗಿ ಕರ್ಝೆ ಹಸನದ ಒಂದು ಸಣ್ಣ ನಿಧಿಯನ್ನು ಇಡುವುದು. ಮಸೀದಿಯ ಗೋಡೆಗೆ ಮತ್ತೊಮ್ಮೆ ಟೈಲ್ಸ್ ಹಾಕಿಸುವ ಖರ್ಚಿನಲ್ಲಿ ಅದು ಆಗುತ್ತದೆ ಎಂದರೆ ಕೆಲವರಿಗೆ ಬೇಸರವಾದೀತು. ಆದರೂ ಹೇಳುತ್ತೇನೆ.

ಕಂತಿಗೂ ಬಾಳಿಕೆಗೂ ಹತ್ತಿರದ ನಂಟಿದೆ. ಎರಡೇ ವರ್ಷದಲ್ಲಿ ಕೆಡುವ ಫೋನು ಮತ್ತೆ ಮತ್ತೆ ಸಾಲದ ಬಾಗಿಲಿಗೆ ಕರೆದೊಯ್ಯುತ್ತದೆ. ಒಂದು ಸರಳ ಲೆಕ್ಕ ಹಾಕೋಣ. 12,000 ರೂಪಾಯಿಯ ಫೋನನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಆರು ವರ್ಷಕ್ಕೆ 36,000 ರೂಪಾಯಿ. 21,000 ರೂಪಾಯಿಯ ಫೋನು ಕೊಂಡು, ನಡುವೆ 2,000 ರೂಪಾಯಿ ಕೊಟ್ಟು ಬ್ಯಾಟರಿ ಬದಲಿಸಿ ಆರು ವರ್ಷ ಬಳಸಿದರೆ 23,000. ಅಗ್ಗವೆಂದು ಕೊಂಡದ್ದೇ 13,000 ರೂಪಾಯಿ ತುಟ್ಟಿಯಾಯಿತು. ದುಂದು ಎಂದರೆ ದುಬಾರಿ ವಸ್ತುವನ್ನು ಕೊಳ್ಳುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಖರ್ಚಿನಲ್ಲಿ ದುಂದೂ ಮಾಡದ, ಜಿಪುಣತನವನ್ನೂ ತೋರದ ಮಧ್ಯಮ ಮಾರ್ಗದವರನ್ನು ಅಲ್ ಫುರ್ಕಾನ್ ಅಧ್ಯಾಯ ಪ್ರಶಂಸಿಸುತ್ತದೆ. ಈ ಲೆಕ್ಕದ ಮುಂದೆ ಅದರ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಗಾದರೆ ಆರು ವರ್ಷ ಬಾಳುವ ಫೋನನ್ನು ಗುರುತಿಸುವುದು ಹೇಗೆ? ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಕ್ಯಾಮರಾದ್ದಲ್ಲ, ಸುರಕ್ಷತಾ ಅಪ್‌ಡೇಟಿನದು. ಮದುವೆಯ ಕರೆಯೋಲೆಯ ವೇಷದಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತವನ್ನು ತೆರೆದು ಬ್ಯಾಂಕ್ ಖಾತೆ ಬರಿದು ಮಾಡಿಕೊಂಡವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಪ್‌ಡೇಟು ಇದೆಯೆಂದು ಅಪರಿಚಿತ ಕಡತವನ್ನು ಒತ್ತಬಾರದು ನಿಜ, ಆದರೆ ಅಪ್‌ಡೇಟು ನಿಂತ ಫೋನು ಚಿಲಕ ಸವೆದ ಬಾಗಿಲಿನಂತೆ. ಗೂಗಲ್ 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24 ಸರಣಿಗೂ ಏಳು ವರ್ಷಗಳ ಅಪ್‌ಡೇಟಿನ ಭರವಸೆ ನೀಡಿದವು. ಇವು ದುಬಾರಿ ಫೋನುಗಳು. ನಮಗೆ ಹೆಚ್ಚು ಮುಖ್ಯವಾದುದು, ಅದೇ ವರ್ಷದ ಕೊನೆಯಲ್ಲಿ ಸಾಧಾರಣ ಬೆಲೆಯ ಗ್ಯಾಲಕ್ಸಿ ಎ16 5ಜಿ ಫೋನಿಗೂ ಆರು ವರ್ಷಗಳ ಭರವಸೆ ದೊರೆತದ್ದು. ಈ ವರ್ಷಗಳ ಎಣಿಕೆ ಶುರುವಾಗುವುದು ಫೋನು ಮಾರುಕಟ್ಟೆಗೆ ಬಿಡುಗಡೆಯಾದಾಗಿನಿಂದ, ನಾವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿಯಲ್ಲಿ ಅರ್ಧ ಬೆಲೆಗೆ ಸಿಗುವ ಮೂರು ವರ್ಷ ಹಳೆಯ ಮಾದರಿಯಲ್ಲಿ ಆಯುಷ್ಯವೂ ಅರ್ಧ ಮುಗಿದಿರುತ್ತದೆ. ಯುರೋಪಿಯನ್ ಒಕ್ಕೂಟವಂತೂ ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ನೀಡಬೇಕೆಂದು 2025ರ ಜೂನ್ 20ರಿಂದ ಕಾನೂನನ್ನೇ ಜಾರಿಗೆ ತಂದಿದೆ.

ಎರಡನೆಯದು ದುರಸ್ತಿ ಎಷ್ಟು ಹತ್ತಿರದಲ್ಲಿದೆ ಎಂಬುದು. ಏಳು ವರ್ಷದ ಭರವಸೆಯಿದ್ದರೂ ಪರದೆ ಒಡೆದಾಗ ಹೈದರಾಬಾದಿಗೋ ಬೆಂಗಳೂರಿಗೋ ಕಳುಹಿಸಬೇಕಾದರೆ ದಂಡೋತಿಯ ರೈತನಿಗೆ ಅದರಿಂದ ಪ್ರಯೋಜನ ಕಡಿಮೆ. ಆ ಕಂಪೆನಿಯ ಅಧಿಕೃತ ಸೇವಾಕೇಂದ್ರ ಕಲಬುರಗಿಯಲ್ಲಿ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ಕೊಲ್ಲಿಯಿಂದ ಬಂಧುಗಳು ತಂದುಕೊಡುವ ಫೋನುಗಳ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಅನೇಕ ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ ಸೀಮಿತವಾಗಿರುತ್ತದೆ.

ಇನ್ನು ನಮ್ಮ ನೆಲದ ಗುಣ. ಶಹಾಬಾದಿನ ಕಲ್ಲಿನ ಗಣಿ, ವಾಡಿಯ ಸಿಮೆಂಟು, ಎಪ್ರಿಲ್ ಮೇ ತಿಂಗಳುಗಳ ಬಿಸಿಲು ಇವು ಮೂರೂ ಫೋನಿನ ಶತ್ರುಗಳು. ಐಪಿ68 ಎಂಬ ಗುರುತಿನಲ್ಲಿ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಕಲ್ಲು ಕೊರೆಯುವ, ಪಾಲಿಶ್ ಮಾಡುವ ಕೆಲಸದವರು ಆ ಮೊದಲಿನ 6ಕ್ಕೆ ಹೆಚ್ಚು ಗಮನ ಕೊಡಬೇಕು. ನನ್ನ ಹಿಂದಿನ ಫೋನು ಚಾರ್ಜ್ ಆಗದೆ ಸತ್ತಿತೆಂದೇ ತಿಳಿದಿದ್ದೆ. ರಿಪೇರಿಯವನು ಮೃದುವಾದ ಕುಂಚದಿಂದ ಚಾರ್ಜಿಂಗ್ ರಂಧ್ರದ ಕಲ್ಲಿನ ಪುಡಿಯನ್ನು ತೆಗೆದ ಮೇಲೆ ಇನ್ನೂ ಒಂದೂವರೆ ವರ್ಷ ಬಾಳಿತು. ಬ್ಯಾಟರಿಗೆ ಬಿಸಿಲೇ ವೈರಿ. 35 ಡಿಗ್ರಿಗಿಂತ ಹೆಚ್ಚಿನ ಉಷ್ಣತೆ ಅದರ ಸಾಮರ್ಥ್ಯವನ್ನು ಶಾಶ್ವತವಾಗಿ ಕುಗ್ಗಿಸಬಹುದೆಂದು ಆ್ಯಪಲ್ ಕಂಪೆನಿಯೇ ತಿಳಿಸುತ್ತದೆ. ನಮ್ಮಲ್ಲಿ ಬೇಸಿಗೆಯ ಹಗಲು 40 ದಾಟುತ್ತದೆ. ಬೈಕಿನ ಹಿಡಿಕೆಗೆ ಸಿಕ್ಕಿಸಿ ಬಿಸಿಲಲ್ಲಿ ಓಡಿಸುವುದು, ರಾತ್ರಿ ದಿಂಬಿನಡಿ ಚಾರ್ಜಿಗಿಟ್ಟು ಮಲಗುವುದು ಇವೆರಡನ್ನು ಬಿಟ್ಟರೂ ಸಾಕು, ಬ್ಯಾಟರಿಯ ಆಯುಷ್ಯ ಹೆಚ್ಚುತ್ತದೆ. ಹೇಗಿದ್ದರೂ ಎರಡು ಮೂರು ವರ್ಷಗಳಲ್ಲಿ ಅದು ಸೊರಗುವುದು ಸಹಜ. ಆಗ ಬದಲಿಸಬೇಕಾದದ್ದು ಬ್ಯಾಟರಿಯನ್ನು, ಫೋನನ್ನಲ್ಲ. ಪ್ರವಾದಿ(ಸ)ರು ತಮ್ಮ ಪಾದರಕ್ಷೆಯನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು, ಬಟ್ಟೆಗೆ ತಾವೇ ಹೊಲಿಗೆ ಹಾಕಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಹಳೆಯ ಫೋನನ್ನು ಕಂಡು ನಗುವ ಗೆಳೆಯರ ಮುಂದೆ ಮುದುಡಿಕೊಳ್ಳುವ ನಮ್ಮ ಯುವಕರಿಗೆ ಇದನ್ನು ತಿಳಿಸಬೇಕು.

ಬಳಸಿದ ಫೋನನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ವಾಡಿ ಸಿಕಂದರಾಬಾದ್ ಮಾರ್ಗದ ರೈಲು ಹತ್ತಿ ಹೈದರಾಬಾದಿನ ಅಬಿಡ್ಸ್‌ಗೆ ಹೋಗಿ ತರುವವರು ನಮ್ಮಲ್ಲಿ ಬಹಳ ಮಂದಿ. ಆದರೆ *#06# ಒತ್ತಿ ಐಎಂಇಐ ಸಂಖ್ಯೆಯನ್ನು ನೋಡಿ, ಕೆವೈಎಂ ಎಂದು ಬರೆದು ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳುಹಿಸಿದರೆ ಅದು ತಡೆಹಿಡಿಯಲ್ಪಟ್ಟ ಫೋನೇ ಎಂದು ತಿಳಿಯುತ್ತದೆ. ಕಳವಿನ ಮಾಲು ಎಂಬ ಸಂಶಯವಿದ್ದೂ ಅಗ್ಗವೆಂದು ಕೊಳ್ಳುವವನು ಕಳವಿನಲ್ಲಿ ಪಾಲುಗಾರನೇ.

ಮಾರುವವರಿಗೂ ಒಂದು ಮಾತು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿ(ಸ)ರಿಗೆ ಒಳಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು, ಮೋಸ ಮಾಡುವವನು ತಮ್ಮವನಲ್ಲವೆಂದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ತೊಗರಿ ತೂಗುವ ನಮ್ಮ ವ್ಯಾಪಾರಿಗಳು ಚೆನ್ನಾಗಿ ಬಲ್ಲರು. ಕಾಗಿಣಾದ ನೀರಿಗೆ ಬಿದ್ದು ಎದ್ದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಒಣಗಿಸಿ, ಒರೆಸಿ, ಹೊಸ ಕವಚ ತೊಡಿಸಿ, ಏನೂ ಆಗಿಲ್ಲವೆಂದು ಮಾರುವಾಗ ಮಾತ್ರ ಅದು ನೆನಪಾಗುವುದಿಲ್ಲ.

ಹಳೆಯದು ಇನ್ನೂ ನಡೆಯುವಂತಿದ್ದರೆ ಹೊಸದನ್ನು ಕೊಂಡ ದಿನವೇ ಅದನ್ನು ಕಪಾಟಿಗೆ ಎಸೆಯಬೇಡಿ. ಮನೆಯ ಹೆಣ್ಣುಮಕ್ಕಳ ಚಿತ್ರಗಳು, ಖಾತೆಗಳು, ಸಂದೇಶಗಳು ಉಳಿಯದಂತೆ ಪೂರ್ಣವಾಗಿ ಅಳಿಸಿ, ಮದ್ರಸದ ಯಾವುದಾದರೂ ವಿದ್ಯಾರ್ಥಿಗೆ ಕೊಡಿ. ಕೊಡುವಾಗ ಅದರ ಅಪ್‌ಡೇಟ್ ನಿಂತಿದ್ದರೆ ಅದನ್ನೂ ತಿಳಿಸಿ, ಬ್ಯಾಂಕಿನ ವ್ಯವಹಾರಕ್ಕೆ ಬಳಸದಿರಲಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಯಾರಿಗೂ ಕೊಡಬಾರದು, ಚುಚ್ಚಲೂ ಬಾರದು, ತಿಪ್ಪೆಗೂ ಎಸೆಯಬಾರದು. ಮುಂದಿನ ಸಲ ಕಲಬುರಗಿಗೆ ಹೋಗುವಾಗ ಸೇವಾಕೇಂದ್ರದಲ್ಲಿ ಒಪ್ಪಿಸಿ ಬನ್ನಿ.