ಹದಿನಾಲ್ಕರಿಂದ ಹದಿನೆಂಟು: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ



ಬೆಂಗಳೂರಿನಲ್ಲಿ ಹುಡುಗನೊಬ್ಬ ರೌಡಿ ಗುಂಪಿನೊಳಗೆ ಕಾಲಿಡುವಾಗ ಅವನ ಕೈಯಲ್ಲಿ ಲಾಂಗು ಇರುವುದಿಲ್ಲ. ಏರಿಯಾದ ಅಣ್ಣನಿಗೆ ಸಿಗರೇಟು ತಂದುಕೊಡುವುದು, ಅವನ ಬೈಕಿನಲ್ಲಿ ಒಂದು ಸುತ್ತು ಹೊಡೆಯುವುದು, ಹುಟ್ಟುಹಬ್ಬದ ಫ್ಲೆಕ್ಸಿನ ಕೆಳಸಾಲಿನಲ್ಲಿ ತನ್ನದೂ ಒಂದು ಸಣ್ಣ ಫೋಟೊ ಸೇರಿಸಿಕೊಳ್ಳುವುದು, ಶುರುವಾಗುವುದು ಹೀಗೆ. ಆಮೇಲೆ ಪೊಟ್ಟಣ ತಲುಪಿಸುವ ಕೆಲಸ, ಬಡ್ಡಿ ವಸೂಲಿಗೆ ಹೋದಾಗ ಬಾಗಿಲಲ್ಲಿ ನಿಲ್ಲುವ ಕೆಲಸ. ಮೊದಲ ಹೊಡೆದಾಟದಲ್ಲಿ ಸಿಕ್ಕಿಬಿದ್ದಾಗ ಜಾಮೀನಿಗೆ ಓಡಾಡುವವನೂ ಆ ಅಣ್ಣನೇ. ಅಲ್ಲಿಗೆ ಹುಡುಗ ಋಣಕ್ಕೆ ಬಿದ್ದ. ಆ ಋಣವನ್ನು ಅವನಿಂದ ಹಣದಲ್ಲಿ ಯಾರೂ ಕೇಳುವುದಿಲ್ಲ.

ನಗರದ ಕುಖ್ಯಾತ ರೌಡಿಗಳಾದ ಕೊತ್ವಾಲ್ ರಾಮಚಂದ್ರ 1986ರಲ್ಲಿ, ಎಂ.ಪಿ. ಜಯರಾಜ್ 1989ರಲ್ಲಿ ಕೊಲೆಯಾದರು. ನಗರದ ರೌಡಿಸಂ ಅವರೊಂದಿಗೆ ಸಾಯಲಿಲ್ಲ. ಮೇಲಿನ ಹೆಸರುಗಳು ಬದಲಾದವು, ದಂಧೆಗಳೂ ಬದಲಾದವು. ಕೆಳಗಿನಿಂದ ಹುಡುಗರು ಬರುವುದು ಮಾತ್ರ ನಿಲ್ಲಲಿಲ್ಲ. ‘ಓಂ’, ‘ಜೋಗಿ’ಯಂಥ ರೌಡಿ ಸಿನಿಮಾಗಳ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅವುಗಳನ್ನು ಲಕ್ಷಾಂತರ ಜನ ನೋಡಿ ಮನೆಗೆ ಹೋಗಿ ಮಲಗಿದ್ದಾರೆ. ಸಿನಿಮಾ ಕೊಡುವುದು ಸ್ಟೈಲನ್ನು. ಕೈಖರ್ಚಿನ ಕಾಸು, ಕರೆದರೆ ಬರುವ ಜನ ಮತ್ತು ಒಂದಿಷ್ಟು ಹವಾ ಕೊಡುವುದು ಗುಂಪು.

ಸರ್ಕಾರದ ಕೈಯಲ್ಲಿ ಅಸ್ತ್ರಗಳಿಗೇನೂ ಬರವಿಲ್ಲ. ಠಾಣೆಯ ರೌಡಿ ಶೀಟ್ ಇದೆ, ಒಂದು ವರ್ಷದವರೆಗೆ ಬಂಧನದಲ್ಲಿಡಬಹುದಾದ 1985ರ ಗೂಂಡಾ ಕಾಯ್ದೆ ಇದೆ, 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ ‘ಕೋಕಾ’ ಇದೆ. ಇವೆಲ್ಲ ಎದ್ದು ಬರುವುದು ಹುಡುಗ ಬೆಳೆದು ಹೆಸರು ಮಾಡಿದ ಮೇಲೆ. ಅದಕ್ಕೂ ಮೊದಲು ಅವನನ್ನು ಕಾಯಬೇಕಾದ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹದಿನಾಲ್ಕು ದಾಟಿದವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಶಾಲೆ ಬಿಟ್ಟು, ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಅರ್ಧ ದಿನ ಹೋಗಿ ಉಳಿದರ್ಧ ದಿನ ಬೀದಿ ತುದಿಯಲ್ಲಿ ಕೂರುವ ಹದಿನಾರರ ಹುಡುಗನನ್ನು ತನ್ನವನೆಂದು ಕೇಳುವ ಇಲಾಖೆ ಇಲ್ಲ. ಕಾನೂನಿನೊಡನೆ ಸಂಘರ್ಷಕ್ಕಿಳಿದ ಬಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಹದಿನಾರರಿಂದ ಹದಿನೆಂಟರ ನಡುವಿನವರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಲೆಕ್ಕ ಕೊಡುತ್ತಲೇ ಇದೆ.

ಗುಂಪಿಗೆ ಅಪ್ರಾಪ್ತರೇ ಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ. ಬಾಲನ್ಯಾಯ ಕಾಯ್ದೆಯಡಿ ವಿಶೇಷ ಗೃಹದಲ್ಲಿ ಇಡಬಹುದಾದ ಗರಿಷ್ಠ ಅವಧಿ ಮೂರು ವರ್ಷ. ಘೋರ ಅಪರಾಧದಲ್ಲಿ ಹದಿನಾರು ತುಂಬಿದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು 2015ರ ಈ ಕಾಯ್ದೆಯಲ್ಲೇ ಅವಕಾಶವಿದೆ, ನಿಜ. ಆದರೂ ಸಣ್ಣ ಕೇಸುಗಳನ್ನು ಹುಡುಗನ ತಲೆಗೆ ಕಟ್ಟುವುದು ದೊಡ್ಡವರಿಗೆ ಲಾಭದ ಲೆಕ್ಕಾಚಾರ. ಪ್ರತಿ ಕೊಲೆಯ ಬೆನ್ನಿಗೆ ವಯಸ್ಸಿನ ಮಿತಿ ಇಳಿಸಿ ಎಂಬ ಕೂಗು ಏಳುತ್ತದೆ. ಇಳಿಸಿದರೆ ಅಣ್ಣಂದಿರು ಹನ್ನೆರಡು, ಹದಿಮೂರರವರನ್ನು ಹುಡುಕುತ್ತಾರೆ, ಅಷ್ಟೇ. ಹುಡುಗನನ್ನು ಕೆಲಸಕ್ಕೆ ಹಚ್ಚಿದವನ ಮೇಲೆ ಹೋಗಲು ದಾರಿ ಈಗಾಗಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಂ ಮಗುವನ್ನು ಅಪರಾಧಕ್ಕೆ ಬಳಸಿದವನಿಗೆ ಮೂರರಿಂದ ಹತ್ತು ವರ್ಷಗಳ ಸೆರೆವಾಸ ವಿಧಿಸುತ್ತದೆ. ಬಾಲನ್ಯಾಯ ಕಾಯ್ದೆಯ 83ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ. ಬಾಲಕನೊಬ್ಬ ಸಿಕ್ಕಿಬಿದ್ದ ಪ್ರತಿ ಪ್ರಕರಣದಲ್ಲೂ ಅವನನ್ನು ಕಳಿಸಿದ್ದು ಯಾರೆಂಬ ಪ್ರಶ್ನೆ ತನಿಖೆಯ ಮೊದಲ ಸಾಲಿನಲ್ಲಿರಬೇಕು.

ರೌಡಿ ಪೆರೇಡಿನ ವಿಷಯ. ಕ್ಯಾಮೆರಾ ಮುಂದೆ ಸಾಲಾಗಿ ನಿಲ್ಲಿಸಿ ಗದರಿಸುವುದರಿಂದ ಟಿವಿ ನೋಡುವ ಸಜ್ಜನರಿಗೆ ಸಮಾಧಾನವಾಗಬಹುದು. ಏರಿಯಾದ ಹುಡುಗರ ಕಣ್ಣಿಗೆ ಅದು ಸರ್ಕಾರವೇ ಕೊಟ್ಟ ಸರ್ಟಿಫಿಕೇಟು. ಇನ್ನು ಶೀಟಿನ ವಿಷಯ. ಅಪರಾಧಿಗಳ ಹಿಸ್ಟರಿ ಶೀಟಿನಲ್ಲಿ ಅಪ್ರಾಪ್ತ ಮಕ್ಕಳ ವಿವರ ಸೇರಬಾರದೆಂಬ ವಿಚಾರವನ್ನು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಎತ್ತಿಹಿಡಿದು, ಉಳಿದ ರಾಜ್ಯಗಳೂ ತಮ್ಮ ಪದ್ಧತಿಯನ್ನು ಪರಿಶೀಲಿಸಿಕೊಳ್ಳಲಿ ಎಂದಿತು. ಅಪ್ಪನ ಶೀಟಿನಲ್ಲಿ ಮಗನ ಹೆಸರು ಇರಬಾರದು.

ಬೇರೆ ದಾರಿಯೂ ಇದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ಚಾಕು ಗ್ಯಾಂಗುಗಳಿಗೆ ಕುಖ್ಯಾತವಾಗಿದ್ದ ಊರು. ಅಲ್ಲಿನ ಪೊಲೀಸರೇ 2005ರಲ್ಲಿ ಹಿಂಸೆ ತಗ್ಗಿಸುವ ಘಟಕವೊಂದನ್ನು ಕಟ್ಟಿದರು. 2008ರಲ್ಲಿ ಗ್ಯಾಂಗಿನ ಹುಡುಗರನ್ನು ನ್ಯಾಯಾಲಯದ ಸಭಾಂಗಣಕ್ಕೇ ಕರೆಸಿದರು. ಹೊಡೆದಾಟ ಮುಂದುವರಿದರೆ ಇಡೀ ಗುಂಪಿನ ಬೆನ್ನು ಬೀಳುತ್ತೇವೆ ಎಂದು ಪೊಲೀಸರು ಎಚ್ಚರಿಸಿದರು, ಗಾಯ ಹೊಲಿದ ವೈದ್ಯರು ಮಾತಾಡಿದರು, ಮಗನನ್ನು ಕಳೆದುಕೊಂಡ ತಾಯಿ ಮಾತಾಡಿದರು; ಬಿಟ್ಟು ಬರುವವರಿಗೆ ತರಬೇತಿ, ಉದ್ಯೋಗದ ನೆರವಿಗಾಗಿ ಒಂದು ಫೋನ್ ನಂಬರ್ ಕೊಟ್ಟರು. ಬೆದರಿಕೆ ಮತ್ತು ಬಾಗಿಲು ಎರಡೂ ಒಂದೇ ದಿನ, ಒಂದೇ ಕೋಣೆಯಲ್ಲಿ ಸಿಕ್ಕವು. ನಮ್ಮ ಪೆರೇಡಿನಲ್ಲಿ ಮೊದಲನೆಯದಷ್ಟೇ ಇದೆ.

ಅಂಥ ಬಾಗಿಲು ತೆರೆಯಲು ಹೊಸ ಕಾನೂನು ಬೇಡ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಬಾಲನ್ಯಾಯ ಕಾಯ್ದೆಯ 107ನೇ ಕಲಂ ಹೇಳುತ್ತದೆ. ಆ ಅಧಿಕಾರಿಯನ್ನು ಬಂದೋಬಸ್ತಿನಿಂದ ಬಿಡಿಸಿ ಆ ಕೆಲಸಕ್ಕೇ ಮೀಸಲಿಡಬೇಕು. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ನಪಾಸಾಗಿ ಮತ್ತೆ ಪರೀಕ್ಷೆಗೆ ಬಾರದವರ ಪಟ್ಟಿ ಶಿಕ್ಷಣ ಇಲಾಖೆಯಲ್ಲೇ ಸಿಗುತ್ತದೆ. ಆ ಮನೆಗಳಿಗೆ ಮೊದಲು ಶಿಕ್ಷಕರು, ಐಟಿಐ ಅಥವಾ ಕೌಶಲ ತರಬೇತಿಯ ಸಿಬ್ಬಂದಿ ಹೋಗಲಿ. ಪೊಲೀಸ್ ಜೀಪು ಹೋಗುವುದು ಬೇಡ. ವಿಶೇಷ ಗೃಹದಿಂದ ಹೊರಬರುವ ಹುಡುಗನಿಗೆ ಅಣ್ಣನಿಗಿಂತ ಮೊದಲೇ ಗೇಟಿನಲ್ಲಿ ಪ್ರೊಬೇಷನ್ ಅಧಿಕಾರಿ ಸಿಗಬೇಕು. ಮತ್ತು ಕಮಿಷನರ್ ಕಚೇರಿಯ ತಿಂಗಳ ಅಪರಾಧ ಪರಿಶೀಲನೆಯಲ್ಲಿ ಒಂದು ಅಂಕಣ ಹೆಚ್ಚಾಗಲಿ: ನ್ಯಾಯ ಸಂಹಿತೆಯ 95ನೇ ಕಲಮಿನಡಿ ಯಾವ ಠಾಣೆಯಲ್ಲಿ ಎಷ್ಟು ಕೇಸು ದಾಖಲಾದವು ಎಂಬುದು.