ಪಟ್ಟಿಯಲ್ಲಿನ ಹೆಸರುಗಳು ಮತ್ತು ವಿಶ್ವಸಾಹಿತ್ಯ

ಪದವಿ ತರಗತಿಗಳ ಪಠ್ಯಕ್ರಮ ಪರಿಷ್ಕರಣೆಯಾದಾಗಲೆಲ್ಲ ಸಾಹಿತ್ಯದ ಬೋಧನೆಗೆ ಎಷ್ಟು ಗಂಟೆ ಎಂಬ ಜಗ್ಗಾಟ ನಡೆಯುತ್ತದೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಪದವಿ ಬಂದಿತು. 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಈ ಹೋಗು-ಬರುವಿನ ನಡುವೆ, ವಾಣಿಜ್ಯ ಅಥವಾ ವಿಜ್ಞಾನದ ವಿದ್ಯಾರ್ಥಿಗೆ ರಷ್ಯದ ಕಾದಂಬರಿಯನ್ನೋ ಗ್ರೀಕ್ ನಾಟಕವನ್ನೋ ಏಕೆ ಓದಿಸಬೇಕು ಎಂಬ ಪ್ರಶ್ನೆ ಬದಿಗೇ ಉಳಿಯಿತು. 'ಅದರಿಂದ ಕೆಲಸ ಸಿಗುತ್ತದೆಯೇ?' ಎಂದು ಪೋಷಕರು ಕೇಳಿದರೆ ಅದು ಕ್ಷುದ್ರ ಪ್ರಶ್ನೆಯೆಂದು ನಾನು ಭಾವಿಸುವುದಿಲ್ಲ. ಶುಲ್ಕ ಕಟ್ಟುವವನಿಗೆ ಕೇಳುವ ಹಕ್ಕಿದೆ. ಅರ್ಥಶಾಸ್ತ್ರ ಓದಿ, ಸರ್ಕಾರದ ಕಡತಗಳ ನಡುವೆ ವೃತ್ತಿಜೀವನ ಕಳೆದ ನನಗೆ, ಸಾಹಿತ್ಯಾಭಿಮಾನಿಗಳು ಕೊಡುವ 'ಸಂಸ್ಕಾರ ಬರುತ್ತದೆ' ಎಂಬ ಉತ್ತರವೇ ಅರೆಕೊರೆಯಾಗಿ ಕಾಣುತ್ತದೆ.

ವಿಶ್ವಸಾಹಿತ್ಯವೆಂಬ ಮಾತಿಗೆ ಚಲಾವಣೆ ತಂದವನು ಜರ್ಮನಿಯ ಕವಿ ಗಯಟೆ. ಶಾಕುಂತಲದ ಅನುವಾದವನ್ನು ಓದಿ ಮಾರುಹೋಗಿದ್ದ ಆತ, 1827ರ ಜನವರಿಯಲ್ಲಿ ವೈಮರ್ ನಗರದಲ್ಲಿ ಒಂದು ಚೀನೀ ಕಾದಂಬರಿಯ ಪ್ರಸ್ತಾಪ ಮಾಡುತ್ತ ಈ ಮಾತನ್ನಾಡಿದ. (ಅವನು ಗಣಿ, ರಸ್ತೆಗಳ ಉಸ್ತುವಾರಿ ನೋಡಿಕೊಂಡ ಅಧಿಕಾರಿಯೂ ಹೌದೆಂಬುದು ನನ್ನಂಥವರಿಗೆ ಸಮಾಧಾನದ ಸಂಗತಿ.) ಅದೇ ವೈಮರ್‌ನ ಪಕ್ಕದ ಗುಡ್ಡದ ಮೇಲೆ 1937ರಲ್ಲಿ ನಾಜಿಗಳು ಬೂಕನ್‌ವಾಲ್ಡ್ ಯಾತನಾ ಶಿಬಿರವನ್ನು ಕಟ್ಟಿದರು. ಗಯಟೆಯನ್ನು ಶಾಲೆಯಲ್ಲಿ ಓದಿದ್ದ ಸಮಾಜವೇ ಅದನ್ನು ಸಹಿಸಿತು. ಆದ್ದರಿಂದ ಸಾಹಿತ್ಯ ಓದಿದವರು ಸಜ್ಜನರಾಗುತ್ತಾರೆಂಬ ಭರವಸೆಯನ್ನು ಯಾವ ವಿಶ್ವವಿದ್ಯಾಲಯವೂ ಕೊಡಬಾರದು.

ಹಾಗಾದರೆ ಉಪಯೋಗವೇನು? ಒಂದೇ ಪುಸ್ತಕವನ್ನು ಹಿಡಿದು ಹೇಳುತ್ತೇನೆ. ನಿಕೊಲಾಯ್ ಗೊಗೊಲ್‌ನ 'ಮೃತ ಆತ್ಮಗಳು' 1842ರಲ್ಲಿ ಪ್ರಕಟವಾಯಿತು. ಆಗಿನ ರಷ್ಯದಲ್ಲಿ ಜಮೀನ್ದಾರನು ತನ್ನ ಜೀತದಾಳುಗಳ ತಲೆಗಂದಾಯಕ್ಕೆ ಹೊಣೆಯಾಗಿದ್ದ. ಗಣತಿ ನಡೆಯುತ್ತಿದ್ದುದು ಹಲವು ವರ್ಷಗಳಿಗೊಮ್ಮೆ. ನಡುವೆ ಸತ್ತವರು ಮುಂದಿನ ಗಣತಿಯವರೆಗೂ ದಾಖಲೆಯಲ್ಲಿ ಜೀವಂತ, ಅವರ ಮೇಲಿನ ಕಂದಾಯವೂ ಜೀವಂತ. ಮಾಜಿ ಸರ್ಕಾರಿ ನೌಕರ ಚಿಚಿಕೋವ್ ಜಮೀನ್ದಾರರ ಮನೆಮನೆ ತಿರುಗಿ ಇಂಥ ಸತ್ತ ಆಳುಗಳನ್ನು ಅಗ್ಗಕ್ಕೆ ಕೊಳ್ಳುತ್ತಾನೆ. ಅವರನ್ನು ಬದುಕಿರುವವರೆಂದು ತೋರಿಸಿ, ಅಡವಿಟ್ಟು ಸಾಲ ಎತ್ತುವುದು ಅವನ ಹಂಚಿಕೆ. ಒಬ್ಬ ವಿಧವೆ, ಪೇಟೆಯ ಧಾರಣೆ ತಿಳಿಯದೆ ಎಲ್ಲಿ ಮೋಸ ಹೋಗುತ್ತೇನೋ ಎಂದು ಅಂಜುತ್ತಾಳೆ. ಇನ್ನೊಬ್ಬ ಜಮೀನ್ದಾರ, ಸತ್ತುಹೋದ ಬಂಡಿ ಕಟ್ಟುವವನ ಕೈಚಳಕವನ್ನು ಕೊಂಡಾಡಿ ಬೆಲೆ ಏರಿಸುತ್ತಾನೆ.

ಕೂಲಿಯ ಹಾಜರಿ ಪಟ್ಟಿ, ಪಡಿತರ ಚೀಟಿ, ವೃದ್ಧಾಪ್ಯ ವೇತನದ ಪಟ್ಟಿಗಳನ್ನು ತಪಾಸಣೆ ಮಾಡಿದ ಅಧಿಕಾರಿಗೆ ಈ ಚಿಚಿಕೋವ್ ಅಪರಿಚಿತನಲ್ಲ. ಇದರ ತಿರುಗುಮುರುಗೂ ನಮ್ಮಲ್ಲುಂಟು: ಉತ್ತರ ಪ್ರದೇಶದ ಲಾಲ್ ಬಿಹಾರಿ ಬದುಕಿದ್ದೂ 1994ರವರೆಗೆ ಸರ್ಕಾರಿ ದಾಖಲೆಯಲ್ಲಿ ಮೃತನಾಗಿದ್ದರು, ತಮ್ಮಂಥವರ ಸಂಘವನ್ನೇ ಕಟ್ಟಿದರು.

ಆದರೆ ಕಾದಂಬರಿಯ ಜೀವ ವಂಚನೆಯ ವಿವರಗಳಲ್ಲಿಲ್ಲ. ಕ್ರಯಪತ್ರಕ್ಕಾಗಿ ಪಟ್ಟಿಯನ್ನು ನಕಲು ಮಾಡಲು ಕುಳಿತ ಚಿಚಿಕೋವ್ ಹೆಸರುಗಳನ್ನು ಓದುತ್ತ ಓದುತ್ತ ತಡೆದು ನಿಲ್ಲುತ್ತಾನೆ. ಈ ಬಡಗಿ ಎತ್ತರದಿಂದ ಬಿದ್ದು ಸತ್ತನೇ? ಬೂಟು ಹೊಲಿಯುವ ಇವನನ್ನು ಕುಡಿತ ಕೆಡಿಸಿತೇ? ಕೆಲ ಕ್ಷಣ, ಆ ವಂಚಕನಿಗೂ ಪಟ್ಟಿಯಲ್ಲಿ ಮನುಷ್ಯರು ಕಾಣುತ್ತಾರೆ. ಬಳಿಕ ಕಾಗದ ಎತ್ತಿಕೊಂಡು ನೋಂದಣಿಗೆ ಹೊರಡುತ್ತಾನೆ. ಅವನು ಸುಧಾರಿಸುವುದಿಲ್ಲ. ಸುಧಾರಿಸಿದನೆಂದು ಬರೆಯದಿರುವುದು ಗೊಗೊಲ್‌ನ ದೊಡ್ಡತನ. ಆದರೆ ಓದುಗನು ಆ ಪುಟಗಳನ್ನು ದಾಟಿದ ಮೇಲೆ ಇನ್ನೊಂದು ಪಟ್ಟಿಯನ್ನು ಹಿಂದಿನಂತೆಯೇ ನೋಡುವುದು ಕಷ್ಟ. ಬ್ಯಾಂಕಿನಲ್ಲಿ, ವಿಮಾ ಕಂಪನಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನಾಳೆ ಪಟ್ಟಿಗಳ ಮುಂದೆ ಕೂರುವವರು ಇಂದಿನ ಬಿ.ಕಾಂ., ಬಿ.ಎಸ್‌ಸಿ. ವಿದ್ಯಾರ್ಥಿಗಳೇ ಅಲ್ಲವೇ?

ಅರ್ಥಶಾಸ್ತ್ರ ನನಗೆ ಸರಾಸರಿಗಳನ್ನು ಕಲಿಸಿತು. ಅವಿಲ್ಲದೆ ಆಡಳಿತ ನಡೆಯದು. ಆದರೆ ಆ ಶಾಸ್ತ್ರದ ಮೂಲಪುರುಷ ಆಡಮ್ ಸ್ಮಿತ್, ಸಂಪತ್ತಿನ ಬಗ್ಗೆ ಬರೆಯುವ ಮುನ್ನ, 1759ರಲ್ಲಿ ನೈತಿಕ ಭಾವನೆಗಳ ಬಗ್ಗೆ ಗ್ರಂಥ ಬರೆದ. ಇನ್ನೊಬ್ಬನ ನೋವು ನಮಗೆ ತಿಳಿಯುವುದು ಕಲ್ಪನೆಯ ಮೂಲಕವೇ ಎಂಬುದು ಅದರ ಮೊದಲ ಪುಟಗಳ ವಾದ. ಆ ಶಕ್ತಿಗೆ ಸಾಧನೆ ಬೇಕು.

ಅದಕ್ಕೆ ನಮ್ಮ ಸಾಹಿತ್ಯವೇ ಸಾಲದೇ ಎಂದು ಕೇಳಬಹುದು. ನಮ್ಮ ಊರಿನ ಕಥೆಯನ್ನು ಓದುವಾಗ ಪಾತ್ರದ ಜಾತಿ, ಮನೆತನ, ಮಾತಿನ ಧಾಟಿ ನೋಡಿಯೇ ನಾವು ಅರ್ಧ ತೀರ್ಪು ಕೊಟ್ಟಿರುತ್ತೇವೆ. ಚಿನುವಾ ಅಚಿಬೆಯ ಇಗ್ಬೊ ಹಳ್ಳಿಗೆ ಕಾಲಿಡುವಾಗ ಆ ಸಿದ್ಧ ತಕ್ಕಡಿ ಕೈಯಲ್ಲಿರುವುದಿಲ್ಲ. ಮೇಲಾಗಿ, 'ನಮ್ಮದು' ಎನ್ನುವುದರಲ್ಲಿ ಹೊರಗಿನದೆಷ್ಟಿದೆ ನೋಡಿ. ಬಿ.ಎಂ.ಶ್ರೀ. ಇಂಗ್ಲಿಷ್ ಗೀತೆಗಳನ್ನು ಕನ್ನಡಿಸುತ್ತಲೇ ನವೋದಯದ ಛಂದಸ್ಸಿಗೆ ದಾರಿ ಮಾಡಿದರು. ಸೊಫೊಕ್ಲಿಸ್‌ನ ಅಯಾಸ್‌ನ ದುರಂತವನ್ನು ಅಶ್ವತ್ಥಾಮನಿಗೆ ತೊಡಿಸಿದರು. ನಿರಂಜನರ ಸಂಪಾದಕತ್ವದ 'ವಿಶ್ವಕಥಾಕೋಶ' 25 ಸಂಪುಟಗಳಲ್ಲಿ ಬಂದಿತು. ದೇಜಗೌ ಟಾಲ್‌ಸ್ಟಾಯ್‌ನನ್ನು ತಂದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಬೀಗಿದೆವು. ಹೊರಗಿನವರು ನಮ್ಮನ್ನು ಓದಬೇಕೆಂದು ಬಯಸುವವರು ತಾವೂ ಹೊರಗಿನದನ್ನು ಓದಬೇಡವೇ?

ಆದ್ದರಿಂದ ವಿಶ್ವಸಾಹಿತ್ಯವನ್ನು ಇಂಗ್ಲಿಷ್ ವಿಭಾಗದ ಸೊತ್ತೆಂದು ಬಿಡದೆ, ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕನ್ನಡದಲ್ಲೇ ಕಲಿಸಬೇಕು. ವರ್ಷಕ್ಕೆ ಎರಡೇ ಪುಸ್ತಕ ಸಾಕು, ಆದರೆ ಇಡಿಯಾಗಿ. ಹಿಂದೆ ಗೈಡುಗಳು ಮಾಡುತ್ತಿದ್ದ ಸಾರಾಂಶವನ್ನು ಈಗ ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಮಾಡಿಕೊಡುತ್ತದೆ. 'ಚಿಚಿಕೋವನ ಪಾತ್ರಚಿತ್ರಣ ಬರೆಯಿರಿ' ಎಂಬ ಪ್ರಶ್ನೆಗೆ ಇನ್ನು ಅರ್ಥವಿಲ್ಲ. ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಉತ್ತರಿಸುವ ಪರೀಕ್ಷೆ ಬರಲಿ.

ಇದಕ್ಕೆ ಪ್ರಯೋಗಾಲಯ ಬೇಡ, ಯಂತ್ರೋಪಕರಣ ಬೇಡ. ಬೇಕಾದದ್ದು, ತಾನೂ ಪುಸ್ತಕವನ್ನು ಪೂರ್ತಿ ಓದಿ ತರಗತಿಗೆ ಬರುವಷ್ಟು ನೆಮ್ಮದಿಯಿರುವ ಅಧ್ಯಾಪಕ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರನ್ನು ನೆಚ್ಚಿ ನಡೆಯುತ್ತಿವೆ. ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಚಿಂತೆ ಅವರದು. ಹೊಸ ಅಧ್ಯಯನ ಪೀಠಗಳನ್ನು ಘೋಷಿಸುವ ಮೊದಲು ಸರ್ಕಾರ ಆ ಹುದ್ದೆಗಳನ್ನು ಕಾಯಂ ಆಗಿ ತುಂಬಲಿ.