ಮಗು ಸುಮ್ಮನಾದರೆ

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವನು ನಾನು. ಜೋಗುಳದ ಹಾಡುಗಳನ್ನು, ಗರತಿಯರ ತ್ರಿಪದಿಗಳನ್ನು, ದಾಸರ ಬಾಲಕೃಷ್ಣನ ಕೀರ್ತನೆಗಳನ್ನು ಎಷ್ಟು ತರಗತಿಗಳಿಗೆ ಬೋಧಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ತಾಯ್ತನದ ಮಹಿಮೆಯನ್ನು ಕುರಿತು ಮಾತನಾಡಬೇಕಾಗಿ ಬಂದಾಗ ನನಗೆ ಪದಗಳ ಅಭಾವ ಎಂದೂ ತೋರಿದ್ದಿಲ್ಲ. ಆದರೆ ಒಂದೂವರೆ ವರ್ಷದ ಮಗುವಿಗೆ ಒಂದು ಬಟ್ಟಲು ರಾಗಿ ಸರಿ ತಿನ್ನಿಸುವುದು ಹೇಗೆಂಬುದು ನನಗೆ ತಿಳಿದದ್ದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ. ಅದೂ ಬೇರೆ ದಾರಿಯಿಲ್ಲದೆ.

ಮಗಳೂ ಅಳಿಯನೂ ಇಬ್ಬರೂ ಕೆಲಸಕ್ಕೆ ಹೋಗುವವರು. ಮೈಸೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಎರಡು ಬೀದಿಗಳ ಅಂತರ. ಬೆಳಗ್ಗೆ ಎಂಟೂವರೆಗೆ ಮೊಮ್ಮಗನನ್ನು ತಂದು ಬಿಟ್ಟರೆ ಸಂಜೆ ಐದೂವರೆಗೆ ಬಂದು ಕರೆದೊಯ್ಯುವುದು ರೂಢಿ. ನಡುವಿನ ಒಂಬತ್ತು ಗಂಟೆ ನನ್ನ ಹೆಂಡತಿಯ ಪಾಲು. ನನ್ನ ಪಾಲಿಗೆ ಮಗುವಿನ ನಗು, ಮುದ್ದು, ಆಗಾಗ ಒಂದು ಸುತ್ತು ಉಪ್ಪುಮೂಟೆ. ಹೀಗಿರುವಲ್ಲಿ ಕಳೆದ ವರ್ಷ ಶಿವಮೊಗ್ಗದಲ್ಲಿರುವ ಅವಳ ಅಕ್ಕನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಆರೈಕೆಗೆ ಇವಳು ಹೊರಟಳು. "ಹದಿನೆಂಟು ದಿನ. ಮಗುವನ್ನು ನೋಡಿಕೊಳ್ಳುತ್ತೀರಾ?" ಎಂದು ಕೇಳಿದಳು. "ಅದೇನು ಮಹಾ?" ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಪೆಟ್ಟಿಗೆ ಕಟ್ಟಲು ಎದ್ದಳು.

ಮೊದಲ ದಿನವೇ ಸರಿ ಗಂಟುಗಟ್ಟಿತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹುರಿದು, ಹಿಟ್ಟು ಮಾಡಿಸಿ, ತೆಳುಬಟ್ಟೆಯಲ್ಲಿ ಸೋಸಿ ಡಬ್ಬಕ್ಕೆ ತುಂಬಿಸಿಟ್ಟುಹೋಗಿದ್ದಳು. ಅಷ್ಟೆಲ್ಲ ಅವಳ ಕೆಲಸ, ಕಾಯಿಸುವುದಷ್ಟೇ ನನ್ನದು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡು ಆಮೇಲೆ ಒಲೆಯ ಮೇಲಿಡಬೇಕೆಂಬ ಅಲ್ಪ ವಿವೇಕ ಬರಲು ಮೂರು ದಿನ ಹಿಡಿಯಿತು. ತಿನ್ನಿಸುವುದಂತೂ ಬೇರೆಯೇ ವಿದ್ಯೆ. ಎರಡು ತುತ್ತು ಒಳಗೆ, ಮೂರನೆಯದು ನನ್ನ ಅಂಗಿಯ ಮೇಲೆ. ಕಾಗೆ ತೋರಿಸಿದೆ, ನುಗ್ಗೆಮರದ ಅಳಿಲು ತೋರಿಸಿದೆ. ಪಕ್ಕದ ಮನೆಯ ಮಿತ್ರರೊಬ್ಬರು, "ಮೊಬೈಲು ಕೈಗೆ ಕೊಡಿ ಸ್ವಾಮಿ, ಐದು ನಿಮಿಷದಲ್ಲಿ ಬಟ್ಟಲು ಖಾಲಿ" ಎಂದರು. ಎರಡು ವರ್ಷ ತುಂಬದ ಮಗು ಪರದೆಯ ಮುಂದೆ ಕೂರದಿರುವುದೇ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸಲಹೆ ಮಾಡಿದ್ದುಂಟು. ಅದನ್ನು ಓದಿಯೂ ಐದನೆಯ ದಿನ ನಾನು ಮೊಬೈಲು ಕೊಟ್ಟೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೊಡುವ ತಾಯಂದಿರನ್ನು ಸೋಮಾರಿಗಳೆಂದು ಹಿಂದೊಮ್ಮೆ ಒಂದು ಸಭೆಯಲ್ಲಿ ಅಂದಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇವೆಲ್ಲ ಕೈಯ ಕೆಲಸ, ಅಭ್ಯಾಸದಿಂದ ಬಂದೀತು. ನನ್ನನ್ನು ದಣಿಸಿದ್ದು ಕಿವಿಯ ಕೆಲಸ. ಮಗು ಪಕ್ಕದ ಕೋಣೆಯಲ್ಲಿದ್ದರೂ, ನಿದ್ರಿಸುತ್ತಿದ್ದರೂ ಒಂದು ಕಿವಿ ಅಲ್ಲಿಗೆ ತೆರೆದೇ ಇರಬೇಕು. ಪತ್ರಿಕೆಯ ಒಂದು ಅಂಕಣವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದುವ ಸ್ವಾತಂತ್ರ್ಯ ಎಂಥ ಸಂಪತ್ತೆಂಬುದು ನನಗೆ ತಿಳಿದದ್ದು ಆಗ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಮ್ಮ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ದೇಶದಾದ್ಯಂತ ವಿಚಾರಿಸಿತು. ಮನೆಯ ಮಕ್ಕಳು, ಮುದುಕರು, ರೋಗಿಗಳ ಆರೈಕೆಯಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷವನ್ನೂ ಗಂಡಸರು 76 ನಿಮಿಷವನ್ನೂ ಅದಕ್ಕಾಗಿ ವ್ಯಯಿಸುತ್ತಾರೆಂದು ಕಂಡುಬಂತು. ಅಂಥ ಕೆಲಸಕ್ಕೆ ಕೈಹಚ್ಚುವ ಗಂಡಸರೇ ಹೆಂಗಸರ ಅರ್ಧದಷ್ಟು. ಅಂಕಿಗಳು ಸುಳ್ಳಾಗಿರಲಾರವು. ಆದರೆ ಸಾರಿಗೆ ಒಗ್ಗರಣೆ ಹಾಕುತ್ತ, ಬಟ್ಟೆ ಹಿಂಡುತ್ತ, ಬಾಗಿಲಿಗೆ ಬಂದ ಸೊಪ್ಪಿನವಳೊಡನೆ ಚೌಕಾಶಿ ಮಾಡುತ್ತ ಹೆಂಗಸಿನ ಕಿವಿ ಮಗುವಿನ ಕಡೆ ನೆಟ್ಟಿರುತ್ತದಲ್ಲ, ಆ ನಿಮಿಷಗಳನ್ನು ಯಾವ ಗಡಿಯಾರದಿಂದ ಅಳೆಯಬೇಕು? ನಾವು ಹಾಡಿ ಹೊಗಳುವ ಗರತಿಯ ತ್ರಿಪದಿಗಳಲ್ಲಿ ಅನೇಕವು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ ವಿದ್ಯಾವಂತರು ಬೆರಗಾದರು. ನಾನೂ ಅದರ ಮಾಧುರ್ಯವನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದ್ದೇನೆ. ಹಾಡುತ್ತಿದ್ದಾಗ ಅವಳ ಎರಡು ಕೈಗಳೂ ಬೀಸುವ ಗೂಟದ ಮೇಲಿದ್ದವು, ಮಗುವನ್ನು ಎತ್ತಿಕೊಳ್ಳಲು ಮೂರನೆಯ ಕೈ ಇರಲಿಲ್ಲ ಎಂಬುದು ತರಗತಿಯಲ್ಲಿ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಹನ್ನೊಂದನೆಯ ದಿನದ ಸಂಗತಿಯನ್ನು ಹೇಳಬೇಕು. ಒಂದು ಮಹಿಳಾ ಸಮಾಜದವರು ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದರು. ವಿಷಯ, ಕನ್ನಡ ಕಾವ್ಯದಲ್ಲಿ ತಾಯಿ. ಮಗು ನಡುಮನೆಯಲ್ಲಿ ಪಾತ್ರೆಗಳನ್ನು ಬಡಿಯುತ್ತ ಆಡಿಕೊಂಡಿತ್ತು. ನಾನು ಟಿಪ್ಪಣಿ ಬರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ನಿಂತದ್ದು ಹಿತವೆನಿಸಿ ಇನ್ನೆರಡು ಸಾಲು ಬರೆದೆ. ಆಮೇಲೆ, ಹೆಂಡತಿ ಹೊರಡುವಾಗ ಹೇಳಿದ್ದ ಮಾತು ನೆನಪಿಗೆ ಬಂತು: "ಅಳ್ತಾ ಇದ್ರೆ ಹೆದರಬೇಡಿ. ಸುಮ್ಮನಾದರೆ ಎದ್ದು ನೋಡಿ." ಎದ್ದೆ. ಮಗು ಬಚ್ಚಲುಮನೆಯಲ್ಲಿತ್ತು. ಅರ್ಧ ತುಂಬಿದ ಬಕೆಟ್ಟಿನ ಅಂಚಿನ ಮೇಲೆ ಹೊಟ್ಟೆಯೂರಿ, ಎರಡು ಕೈಗಳನ್ನೂ ನೀರಿಗೆ ಇಳಿಬಿಟ್ಟು, ಅಂಗಾಲುಗಳೆರಡನ್ನೂ ನೆಲದಿಂದ ಎತ್ತಿತ್ತು. ಮೂಗು ನೀರಿಗೆ ಮುಟ್ಟಲು ಎರಡು ಬೆರಳಿನಷ್ಟು ಉಳಿದಿತ್ತು. ಎಳೆದುಕೊಂಡೆ. ಅದು ನನ್ನನ್ನು ನೋಡಿ ನಕ್ಕಿತು. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕುಳಿತುಬಿಟ್ಟೆ.

ಸಂಜೆ ಮಗಳಿಗೆ ಹೇಳಲು ನಾಲಿಗೆ ಏಳಲಿಲ್ಲ. ರಾತ್ರಿ ಹೆಂಡತಿಗೆ ಫೋನು ಮಾಡಿ ಹೇಳಿದೆ. ಅವಳು ಬೈಯಲಿಲ್ಲ. "ಬಕೆಟ್ಟನ್ನು ಬೋರಲು ಹಾಕಿಡಿ, ಬಚ್ಚಲ ಅಗುಳಿ ಹಾಕಿ" ಎಂದಳು. ಒಂದಿಷ್ಟು ಹೊತ್ತು ಸುಮ್ಮನಿದ್ದು, "ನಿಮ್ಮ ಮಗಳೂ ಹೀಗೇ ಮಾಡಿದ್ದಳು. 1989ರ ಬೇಸಿಗೆ. ಹಳೆಯ ಮನೆಯ ಬಚ್ಚಲ ತೊಟ್ಟಿಗೆ ಬಿದ್ದೇಬಿಟ್ಟಿದ್ದಳು. ಎತ್ತಿ, ಬೆನ್ನು ತಟ್ಟಿ ನೀರು ಕಕ್ಕಿಸಿದೆ. ನೀವು ಕೋಣೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದಿರಿ" ಎಂದಳು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನನ್ನನ್ನೇ ಬೈಯುತ್ತಿದ್ದಿರಿ."

ಮೂವತ್ತಾರು ವರ್ಷ ಒಬ್ಬಳೇ ಇಟ್ಟುಕೊಂಡಿದ್ದ ಮಾತು. ಇಲ್ಲವೆನ್ನಲು ನನ್ನಲ್ಲಿ ಸಾಕ್ಷಿಯಿರಲಿಲ್ಲ. ಬೈಯುತ್ತಿದ್ದೆ, ನಿಜ. ಮಗುವಿಗೆ ಜ್ವರ ಬಂದರೆ "ಏನು ತಿನ್ನಿಸಿದೆ?" ಎಂದು ಕೇಳುವವನು, ಮಗು ಬಿದ್ದರೆ "ಎಲ್ಲಿ ನೋಡುತ್ತಿದ್ದೆ?" ಎಂದು ಕೇಳುವವನು ನಾನೇ ಆಗಿದ್ದೆ. ತಾಯಿಯನ್ನು ದೇವತೆಯೆಂದು ಕರೆಯುವುದರಲ್ಲಿ ನಮಗೆ ಇಂಥದೊಂದು ಅನುಕೂಲವಿದೆ: ದೇವತೆಗೆ ದಣಿವಾಗದು, ಆದ್ದರಿಂದ ಅವಳಿಗೆ ನೆರವು ಬೇಡ, ದೇವತೆ ತಪ್ಪಲಾರಳು, ಆದ್ದರಿಂದ ತಪ್ಪಿದರೆ ಕ್ಷಮೆಯೂ ಇಲ್ಲ. ನಮ್ಮ ಸಾಹಿತ್ಯದಲ್ಲಿ ಈ ಬಗೆಯ ಸ್ತುತಿ ಹೇರಳವಾಗಿದೆ. ಮಗುವಿನ ಬಟ್ಟೆ ಒಗೆದ ತಂದೆಯ ಚಿತ್ರ ಎಲ್ಲಿದೆಯೆಂದು ವಿದ್ಯಾರ್ಥಿಗಳು ಯಾರಾದರೂ ಹುಡುಕಿ ಹೇಳಿದರೆ ಉಪಕಾರವಾದೀತು.

ಕಾನೂನಿನ ಕಣ್ಣೂ ಇದಕ್ಕಿಂತ ತೀರ ಬೇರೆಯಾಗಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಬಂದ ತಿದ್ದುಪಡಿ, ಮೊದಲ ಎರಡು ಮಕ್ಕಳ ಮಟ್ಟಿಗೆ ತಾಯಿಯ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. 50ಕ್ಕೆ ಕಡಿಮೆಯಿಲ್ಲದ ನೌಕರರಿರುವೆಡೆ ಶಿಶುಪಾಲನಾ ಕೇಂದ್ರವಿರಬೇಕೆಂದೂ ಹೇಳಿತು. ಸ್ವಾಗತಾರ್ಹ. ಆದರೆ ತಂದೆಯ ರಜೆಯ ಮಾತೇ ಅದರಲ್ಲಿಲ್ಲ. ಅಂಗನವಾಡಿಗಳು ಆರಂಭವಾದದ್ದು 1975ರಲ್ಲಿ. ಮಗು ಅಲ್ಲಿ ಹೋಗಿ ಕುಳಿತು ಆಡಿ ಕಲಿಯುವುದು ಮೂರು ವರ್ಷದ ಮೇಲೆ. ಗ್ರಾಮ ಪಂಚಾಯತಿಗಳಲ್ಲಿ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗೆಂದು ಕರ್ನಾಟಕದಲ್ಲಿ 2023ರಲ್ಲಿ ತಂದ 'ಕೂಸಿನ ಮನೆ' ಈ ಕೊರತೆಯನ್ನು ಕಂಡುಕೊಂಡ ಅಪರೂಪದ ಯೋಜನೆ. ಉಳಿದಂತೆ, ಆರನೆಯ ತಿಂಗಳಿನಿಂದ ಮೂರನೆಯ ವರ್ಷದವರೆಗಿನ ಕಾಲಕ್ಕೆ ನಮ್ಮ ಸಮಾಜ ಮಾಡಿಕೊಂಡಿರುವ ಏರ್ಪಾಡಿನ ಹೆಸರು ಅಜ್ಜಿ. ಅವಳಿಗೆ ಸಂಬಳವಿಲ್ಲ, ಭಾನುವಾರವಿಲ್ಲ. ಮಂಡಿನೋವು ಮಾತ್ರ ಉಂಟು. ಅಜ್ಜಿಯೂ ಇಲ್ಲದ ಮನೆಯಲ್ಲಿ ತಾಯಿ ಕೆಲಸ ಬಿಡುತ್ತಾಳೆ. ತಾತನೆಂಬುವನೊಬ್ಬ ಆರೋಗ್ಯವಾಗಿ, ಪಿಂಚಣಿ ಪಡೆದು, ಬೆಳಗಿನ ವಾಯುಸೇವನೆ ಮಾಡಿಕೊಂಡು ಮನೆಯಲ್ಲಿದ್ದಾನೆಂಬುದು ಯಾರ ಲೆಕ್ಕಕ್ಕೂ ಬಾರದು. ಅವನೂ ಲೆಕ್ಕಕ್ಕೆ ಬರಲು ಆತುರಪಡುವುದಿಲ್ಲ.

ಆ ಉಪನ್ಯಾಸಕ್ಕೆ ನಾನು ಹೋದೆ. ಬರೆದಿದ್ದ ಟಿಪ್ಪಣಿಯನ್ನು ಜೇಬಿನಲ್ಲೇ ಇಟ್ಟು ಬಕೆಟ್ಟಿನ ಕಥೆ ಹೇಳಿದೆ. ಮಗಳು ಸಭೆಯಲ್ಲಿದ್ದಳು, ಅವಳು ಮೊದಲ ಬಾರಿಗೆ ಅದನ್ನು ಕೇಳಿದ್ದು ಅಲ್ಲಿಯೇ. ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಬಚ್ಚಲ ಬಾಗಿಲಿಗೆ ಮೇಲೊಂದು ಅಗುಳಿ ಹಾಕಿಸಿಕೊಟ್ಟಳು.

ಹೆಂಡತಿ ಹಿಂತಿರುಗಿದ ಮೇಲೆ ಹತ್ತರಿಂದ ಒಂದರವರೆಗೆ ಮಗು ನನ್ನ ಪಾಲು ಎಂದು ಗೊತ್ತುಮಾಡಿಕೊಂಡಿದ್ದೇವೆ. ಆ ಹೊತ್ತಿಗೆ ಅವಳು ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಏನು ಮಾಡುತ್ತೀ ಎಂದು ಮೊನ್ನೆ ಕೇಳಿದೆ. "ಮೊದಮೊದಲು ಸುಮ್ಮನೆ ಮಲಗಿರುತ್ತಿದ್ದೆ, ಕಿವಿಯೆಲ್ಲ ಕೆಳಗೇ. ಈಗೊಂದು ವಾರದಿಂದ ನಿದ್ದೆ ಬರುತ್ತಿದೆ" ಎಂದಳು.